12 ಜಿಬಿಯ ಹಳೇ ಕಾರ್ಡೋ, 8 ಜಿಬಿಯ ಹೊಸ ಕಾರ್ಡೋ?

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 450 ವ್ಯಾಟ್ ಪವರ್ ಸಪ್ಲೈ ಇದೆ. ಮಾನಿಟರ್ 1080ಪಿ, 75 ಹರ್ಟ್ಸ್. ಈಗಿರುವ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ (ಜಿಪಿಯು) ಸಾಕಾಗುತ್ತಿಲ್ಲ. ಪರಿಚಯದವರೊಬ್ಬರು ಎರಡು ವರ್ಷ ಬಳಸಿದ ಆರ್‌ಟಿಎಕ್ಸ್ 3060 12 ಜಿಬಿ ಕಾರ್ಡ್ ಕೊಡುತ್ತೇನೆ ಅನ್ನುತ್ತಿದ್ದಾರೆ. ಇಲ್ಲದಿದ್ದರೆ ಹೊಸ ಆರ್‌ಟಿಎಕ್ಸ್ 4060 8 ಜಿಬಿ ತಗೊಳ್ಳಬಹುದು. ಒಂದು ಕಡೆ 4060 ಕಾರ್ಡ್ 18% ಮುಂದೆ ಅಂತ ಓದಿದೆ. ಇನ್ನೊಂದು ಕಡೆ 3060 ಕಾರ್ಡ್ 15% ಹಿಂದೆ ಅಂತಿದೆ. ಯಾವುದು ಸರಿ? ಸ್ನೇಹಿತ ಮಾತ್ರ '12 ಜಿಬಿ ಬಿಟ್ಟು 8 ಜಿಬಿಗೆ ಹೋಗಬೇಡ, ಕೋರ್ ಕೂಡ ಕಡಿಮೆ' ಅಂತಾನೆ. ನಾನು ಗೇಮ್ ಆಡುತ್ತೇನೆ, ಡಾವಿಂಚಿ ರಿಸಾಲ್ವ್‌ನಲ್ಲಿ 4ಕೆ ವಿಡಿಯೋ ಎಡಿಟ್ ಮಾಡುತ್ತೇನೆ. 'ಜಿಪಿಯು ಮೆಮೊರಿ ಫುಲ್' ಅಂತ ಆಗಾಗ ಬರುತ್ತದೆ. ನನ್ನ ಕಂಪ್ಯೂಟರ್‌ನಲ್ಲೇ ಎಐ ಮಾಡೆಲ್ ಓಡಿಸಿ ನೋಡುವ ಆಸೆಯೂ ಇದೆ. ಯಾವುದು ನಿಜವಾಗಿ ವೇಗದ ಕಾರ್ಡ್?

ಉತ್ತರ: ಮೊದಲು ಆ ಎರಡು ಪರ್ಸೆಂಟ್‌ಗಳ ಜಗಳ ಬಿಡಿಸೋಣ. ಅದು ಜಗಳವೇ ಅಲ್ಲ. 3060 ಕಾರ್ಡ್ ಒಂದು ಗೇಮ್‌ನಲ್ಲಿ ಸೆಕೆಂಡಿಗೆ 100 ಫ್ರೇಮ್ (ಚಿತ್ರ) ಕೊಟ್ಟು, 4060 ಕಾರ್ಡ್ 118 ಕೊಟ್ಟರೆ, 4060 ಕಾರ್ಡ್ 18% ಮುಂದೆ. ಅದೇ ಲೆಕ್ಕವನ್ನು ಆ ಕಡೆಯಿಂದ ಮಾಡಿ. 118ರಲ್ಲಿ 18 ಕಡಿಮೆ ಅಂದರೆ 15%. ಇಬ್ಬರೂ ಒಂದೇ ಮಾತು ಹೇಳಿದ್ದಾರೆ, ನಿಂತ ಜಾಗ ಮಾತ್ರ ಬೇರೆ. 1080ಪಿ ಗೇಮ್‌ಗಳ ಸರಾಸರಿ ತೆಗೆದರೆ 4060 ಸುಮಾರು 15ರಿಂದ 20% ಮುಂದಿರುವುದು ನಿಜ. ಅದರಲ್ಲಿ ನನಗೆ ತಕರಾರಿಲ್ಲ.

ತಕರಾರು ಇರುವುದು 'ನಿಜವಾಗಿ ವೇಗದ ಕಾರ್ಡ್' ಅನ್ನುವ ಮಾತಿನ ಮೇಲೆ. ಒಂದು ಕಾರ್ಡ್‌ಗೆ ಎರಡು ವೇಗ ಇರುತ್ತದೆ. ಅದರ ಮೆಮೊರಿ ತುಂಬುವ ಮುಂಚಿನ ವೇಗ ಒಂದು, ತುಂಬಿದ ಮೇಲಿನ ವೇಗ ಇನ್ನೊಂದು. ಹೋಲಿಕೆ ಪಟ್ಟಿಗಳಲ್ಲಿ ಬಹುಪಾಲು ಕಾಣುವುದು ಮೊದಲನೆಯದು. ನಿಮಗೆ ತೊಂದರೆ ಕೊಡುತ್ತಿರುವುದು ಎರಡನೆಯದು. ರಿಸಾಲ್ವ್ ನಿಮಗೆ ಅದನ್ನೇ ಬಾಯಿಬಿಟ್ಟು ಹೇಳುತ್ತಿದೆ.

ಹಾಗಂತ ನಿಮ್ಮ ಸ್ನೇಹಿತ ಹೇಳಿದ್ದೆಲ್ಲ ಸರಿ ಅಂತಲ್ಲ. ಕೋರ್ ಎಣಿಸುವ ವಿಷಯದಲ್ಲಿ ಅವರು ಎಡವಿದ್ದಾರೆ. 3060 ಕಾರ್ಡ್‌ನಲ್ಲಿ 3584 ಕುಡಾ ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕ), 4060 ಕಾರ್ಡ್‌ನಲ್ಲಿ 3072. ಸುಮ್ನೆ ನೋಡಿದರೆ ಹಳೆಯದೇ ದೊಡ್ಡದು. ಆದರೆ 3060 ಬೂಸ್ಟ್‌ನಲ್ಲಿ ಓಡುವುದು 1777 ಮೆಗಾಹರ್ಟ್ಸ್‌ಗೆ, 4060 ಓಡುವುದು 2460ಕ್ಕೆ. ಒಂದು ಕೋರ್ ಒಂದು ಬಡಿತಕ್ಕೆ ಎರಡು ಲೆಕ್ಕ ಮಾಡುತ್ತದೆ ಅಂತ ಗುಣಿಸಿದರೆ ಹಳೆಯದಕ್ಕೆ 12.7 ಟೆರಾಫ್ಲಾಪ್ಸ್ (ಸೆಕೆಂಡಿಗೆ ಅಷ್ಟು ಲಕ್ಷ ಕೋಟಿ ಲೆಕ್ಕ), ಹೊಸದಕ್ಕೆ 15.1 ಟೆರಾಫ್ಲಾಪ್ಸ್. ಕಡಿಮೆ ಜನ, ಆದರೆ ಚುರುಕು ಜನ. ಬೇರೆ ಬೇರೆ ತಲೆಮಾರಿನ ಕೋರ್‌ಗಳನ್ನು ಎಣಿಸಿ ಹೋಲಿಸುವುದೇ ತಪ್ಪು. ಇದಕ್ಕೆ 3060 ಕಾರ್ಡೇ ಒಳ್ಳೆಯ ಉದಾಹರಣೆ. ಅದಕ್ಕಿಂತ ಹಿಂದಿನ ಆರ್‌ಟಿಎಕ್ಸ್ 2060ರಲ್ಲಿ ಇದ್ದದ್ದು 1920 ಕೋರ್. 3060ಕ್ಕೆ ಬಂದಾಗ ಅದು ಹತ್ತಿರ ಹತ್ತಿರ ಎರಡು ಪಟ್ಟಾಯಿತು. ವೇಗ ಎರಡು ಪಟ್ಟಾಯಿತೇ? ಇಲ್ಲ, ಐದನೇ ಒಂದು ಭಾಗದಷ್ಟು ಜಾಸ್ತಿಯಾಯಿತು, ಅಷ್ಟೇ. ಆ ತಲೆಮಾರಿನಲ್ಲಿ ಕೋರ್ ಎಣಿಸುವ ರೀತಿಯೇ ಬದಲಾಗಿತ್ತು. ಅರ್ಧದಷ್ಟು ಕೋರ್‌ಗಳು ದಶಮಾಂಶದ ಲೆಕ್ಕವನ್ನೂ ಪೂರ್ಣಾಂಕದ ಲೆಕ್ಕವನ್ನೂ ಹಂಚಿಕೊಂಡು ಮಾಡುತ್ತವೆ. ಒಂದು ಮಾಡುವಾಗ ಇನ್ನೊಂದು ಆಗುವುದಿಲ್ಲ.

'ಜಾಸ್ತಿ ಜಿಬಿ ಅಂದರೆ ಜಾಸ್ತಿ ವೇಗ' ಅನ್ನುವುದೂ ಹಾಗೇ ಬರೇ ನಂಬಿಕೆ. ಮೆಮೊರಿಯನ್ನು ಮೇಜು ಅಂದುಕೊಳ್ಳಿ. ನಿಮ್ಮ ಕೆಲಸದ ಕಾಗದಗಳೆಲ್ಲ ಮೇಜಿನ ಮೇಲೆ ಹಿಡಿಸಿದರೆ, ಮೇಜು ಇನ್ನಷ್ಟು ದೊಡ್ಡದಾದ ಮಾತ್ರಕ್ಕೆ ನಿಮ್ಮ ಕೈ ವೇಗವಾಗುವುದಿಲ್ಲ. ಇದನ್ನು ನೋಡಲು ಆರ್‌ಟಿಎಕ್ಸ್ 4060 ಟಿಐ ಕಾರ್ಡ್ ಹೇಳಿ ಮಾಡಿಸಿದ ಹಾಗಿದೆ. ಅದು 8 ಜಿಬಿಯಲ್ಲೂ ಬಂತು, 16 ಜಿಬಿಯಲ್ಲೂ ಬಂತು. ಚಿಪ್ ಒಂದೇ, ಕೋರ್ ಒಂದೇ, ಮೆಮೊರಿಯ ವೇಗವೂ ಒಂದೇ. 8 ಜಿಬಿಯಲ್ಲಿ ಹಿಡಿಸುವ ಗೇಮ್‌ಗಳಲ್ಲಿ ಎರಡರ ನಡುವೆ ವ್ಯತ್ಯಾಸ ಹುಡುಕಿದರೂ ಸಿಗುವುದಿಲ್ಲ. ಹಿಡಿಸದ ಗೇಮ್‌ಗೆ ಬಂದ ಕೂಡಲೇ ಒಂದು ಸರಾಗ ಓಡುತ್ತದೆ, ಇನ್ನೊಂದು ಮುಗ್ಗರಿಸುತ್ತದೆ. ಮಧ್ಯದ ಹಂತ ಅನ್ನುವುದು ತೀರಾ ಕಡಿಮೆ.

ಮೇಜು ತುಂಬಿದರೆ ಏನಾಗುತ್ತದೆ? ಮಿಕ್ಕ ಕಾಗದ ಪಕ್ಕದ ಕೋಣೆಗೆ ಹೋಗುತ್ತದೆ, ಅಂದರೆ ಕಂಪ್ಯೂಟರ್‌ನ ರ‍್ಯಾಮ್‌ಗೆ. ಬೇಕಾದಾಗಲೆಲ್ಲ ಎದ್ದು ಹೋಗಿ ತರಬೇಕು. 4060 ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 272 ಜಿಬಿ ಓದುತ್ತದೆ, 3060 ಓದುವುದು 360 ಜಿಬಿ. ಪಕ್ಕದ ಕೋಣೆಯ ಬಾಗಿಲು ಪಿಸಿಐಇ ಸ್ಲಾಟ್, ಅಂದರೆ ಮದರ್‌ಬೋರ್ಡ್‌ನಲ್ಲಿ ಕಾರ್ಡ್ ಕೂರುವ ಜಾಗ. ಅಲ್ಲಿಂದ ಬರುವುದು ಇದರ ಸಣ್ಣ ಚೂರು ಮಾತ್ರ. ಇಲ್ಲಿ ನಿಮ್ಮ ಮದರ್‌ಬೋರ್ಡ್ ಕಥೆಯೊಳಗೆ ಬರುತ್ತದೆ. ಇದನ್ನು ಯಾರೂ ನಿಮಗೆ ಹೇಳಿದ ಹಾಗಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

3060 ಕಾರ್ಡ್ ಪಿಸಿಐಇಯ 16 ಲೇನ್‌ಗಳನ್ನೂ (ಮಾಹಿತಿ ಓಡಾಡುವ ದಾರಿಗಳನ್ನೂ) ಬಳಸುತ್ತದೆ. 4060 ಬಳಸುವುದು 8 ಲೇನ್ ಮಾತ್ರ. ಸ್ಲಾಟ್ ಉದ್ದ ಒಂದೇ ಇರುವುದರಿಂದ ಹೊರಗಿಂದ ಗೊತ್ತಾಗುವುದಿಲ್ಲ. ಎರಡೂ ಕಾರ್ಡ್ ಪಿಸಿಐಇ 4.0 ಬಲ್ಲವು, ಆದರೆ ನಿಮ್ಮ ಬಿ450 ಬೋರ್ಡ್‌ಗೆ ಗೊತ್ತಿರುವುದು 3.0 ಮಾತ್ರ. ಹೊಸ ಬೋರ್ಡ್‌ನಲ್ಲಿ 4060ಕ್ಕೆ ಸೆಕೆಂಡಿಗೆ ಸುಮಾರು 16 ಜಿಬಿಯ ಬಾಗಿಲು ಸಿಗುತ್ತದೆ. ನಿಮ್ಮಲ್ಲಿ ಅದಕ್ಕೆ ಸಿಗುವುದು ಸುಮಾರು 8. ನಿಮ್ಮ ಬೋರ್ಡ್‌ನಲ್ಲೇ 3060 ಹಾಕಿದರೆ 16 ಲೇನ್ ಇರುವುದರಿಂದ ಅದಕ್ಕೆ 16 ಸಿಗುತ್ತದೆ. ಅಂದರೆ ಚಿಕ್ಕ ಮೇಜಿನವನಿಗೇ ಚಿಕ್ಕ ಬಾಗಿಲು.

ಗಾಬರಿ ಬೇಡ. ಎಲ್ಲವೂ 8 ಜಿಬಿಯೊಳಗೆ ಹಿಡಿಸುವಾಗ ಈ ಬಾಗಿಲನ್ನು ಯಾರೂ ಜಾಸ್ತಿ ಬಳಸುವುದಿಲ್ಲ, ನಷ್ಟವೂ ಚಿಕ್ಕದು. ತುಂಬಿದಾಗ ಮಾತ್ರ ನೋವು. 2022ರ ಜನವರಿಯಲ್ಲಿ ಬಂದ ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಇದೇ ಕಾರಣಕ್ಕೆ ಹೆಸರು ಕೆಡಿಸಿಕೊಂಡಿತು. 4 ಜಿಬಿ ಮೆಮೊರಿ, ಬರೀ 4 ಲೇನ್. ಹೊಸ ಬೋರ್ಡ್‌ನಲ್ಲಿ ಹೇಗೋ ನಡೆಯುತ್ತಿತ್ತು, ಹಳೇ ಬೋರ್ಡ್‌ನಲ್ಲಿ ಕುಸಿಯುತ್ತಿತ್ತು. ಹೋಲಿಕೆ ಮಾಡುವವರು ಹೊಸ, ಬಲವಾದ ಕಂಪ್ಯೂಟರ್‌ನಲ್ಲೇ ಕಾರ್ಡ್ ಪರೀಕ್ಷಿಸುತ್ತಾರೆ. ಅವರ ದೃಷ್ಟಿಯಿಂದ ಅದು ಸರಿ, ಇಲ್ಲದಿದ್ದರೆ ಕಾರ್ಡ್‌ನ ನಿಜ ಶಕ್ತಿ ತಿಳಿಯುವುದಿಲ್ಲ. ಆದರೆ ಆ 18% ನಿಮ್ಮ ಪೆಟ್ಟಿಗೆಯೊಳಗೆ 18% ಆಗಿಯೇ ಉಳಿಯುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ, ಅಲ್ವಾ?

ನಿಮ್ಮ ಪ್ರೊಸೆಸರ್ ವಿಷಯದಲ್ಲೂ ಇದೇ ಮಾತು. ರೈಜನ್ 5 3600 ಒಳ್ಳೆಯ ಪ್ರೊಸೆಸರ್, ಆದರೆ 2019ರದ್ದು. ಕೆಲವು ಗೇಮ್‌ಗಳಲ್ಲಿ ಮೊದಲು ಸುಸ್ತಾಗುವುದು ಅದೇ. ಅಲ್ಲಿ ಯಾವ ಕಾರ್ಡ್ ಹಾಕಿದರೂ ಒಂದೇ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) ಬರುತ್ತದೆ. ಇದನ್ನು ಕಾರ್ಡ್ ಬದಲಿಸದೆ ಈಗಲೇ ಅಂದಾಜು ಮಾಡಬಹುದು. ನೀವು ಆಡುವ ಗೇಮ್‌ನ ರೆಸಲ್ಯೂಶನ್ ಅನ್ನು 720ಪಿಗೆ ಇಳಿಸಿ, ಗ್ರಾಫಿಕ್ಸ್ ಸೆಟ್ಟಿಂಗ್ ಕೆಳಗಿಡಿ. ಆಗ ಬರುವ ಎಫ್‌ಪಿಎಸ್ ಹೆಚ್ಚುಕಡಿಮೆ ನಿಮ್ಮ ಪ್ರೊಸೆಸರ್‌ನ ಮಿತಿ. ಅದು 90 ಇದ್ದರೆ, ಜಗತ್ತಿನ ಅತಿ ದುಬಾರಿ ಕಾರ್ಡ್ ಹಾಕಿದರೂ ಅದರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದರ ಮೇಲೆ ನಿಮ್ಮ ಮಾನಿಟರ್ 75 ಹರ್ಟ್ಸ್. ಸೆಕೆಂಡಿಗೆ 75 ಚಿತ್ರಕ್ಕಿಂತ ಜಾಸ್ತಿ ಅದು ತೋರಿಸುವುದೇ ಇಲ್ಲ. 3060 ಕಾರ್ಡ್ 85 ಕೊಟ್ಟು 4060 ಕಾರ್ಡ್ 100 ಕೊಡುವ ಗೇಮ್‌ನಲ್ಲಿ ನಿಮ್ಮ ಕಣ್ಣಿಗೆ ಎರಡೂ ಹತ್ತಿರ ಹತ್ತಿರ ಒಂದೇ. ಒಂದು 50, ಇನ್ನೊಂದು 59 ಕೊಡುವ ಭಾರವಾದ ಗೇಮ್‌ನಲ್ಲಿ ವ್ಯತ್ಯಾಸ ಖಂಡಿತ ಕಾಣುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ಸರಾಸರಿ ಅನ್ನುವ ಸಂಖ್ಯೆ. ಒಂದು ಸೆಕೆಂಡಿನಲ್ಲಿ 60 ಫ್ರೇಮ್ ಬಂತು ಅಂದುಕೊಳ್ಳಿ. 59 ಫ್ರೇಮ್‌ಗಳು ತಲಾ 15 ಮಿಲಿಸೆಕೆಂಡ್ ತಗೊಂಡವು. ಒಟ್ಟು 885. ಕೊನೆಯ ಒಂದೇ ಒಂದು ಫ್ರೇಮ್ 115 ಮಿಲಿಸೆಕೆಂಡ್ ತಗೊಂಡಿತು. ಸರಾಸರಿ ಪಕ್ಕಾ 60. ಆದರೆ ಆಡುವವನಿಗೆ ಪ್ರತಿ ಸೆಕೆಂಡೂ ಒಂದು ಎಡವು. ಮೆಮೊರಿ ತುಂಬಿದ ಕಾರ್ಡ್ ಮಾಡುವುದು ಇದನ್ನೇ. ಸರಾಸರಿ ಅಷ್ಟೇನೂ ಬಿದ್ದಿರುವುದಿಲ್ಲ, ಆಟ ಮಾತ್ರ ಹಾಳಾಗಿರುತ್ತದೆ. ಆದ್ದರಿಂದ ಹೋಲಿಕೆ ಪಟ್ಟಿ ನೋಡುವಾಗ ಸರಾಸರಿ ಬಿಟ್ಟು '1% ಲೋ' ಅನ್ನುವ ಸಾಲಿಗೆ ಕಣ್ಣು ಹಾಕಿ. ಕೆಟ್ಟ ಗಳಿಗೆಯಲ್ಲಿ ಕಾರ್ಡ್ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಅಲ್ಲಿದೆ.

ಇಷ್ಟು ಹೇಳಿದ ಮೇಲೆ 4060 ಪರವಾಗಿಯೂ ನ್ಯಾಯವಾಗಿ ಮಾತಾಡಬೇಕು. 128 ಬಿಟ್ ಬಸ್ (ಚಿಪ್‌ಗೂ ಮೆಮೊರಿಗೂ ನಡುವಿನ ದಾರಿ), ಸೆಕೆಂಡಿಗೆ 272 ಜಿಬಿ ಬ್ಯಾಂಡ್‌ವಿಡ್ತ್ (ಓದುವ ವೇಗ) ಅಂತ ಕೇಳಿ ಅದನ್ನು ಕಸ ಅಂದವರು ಬಹಳ ಜನ. ಅವರು ಚಿಪ್‌ನೊಳಗಿನ ಪುಟ್ಟ ಮೆಮೊರಿಯಾದ ಎಲ್2 ಕ್ಯಾಶ್ ನೋಡಿರಲಿಲ್ಲ. 3060ರಲ್ಲಿ ಅದು 3 ಎಂಬಿ, 4060ರಲ್ಲಿ 24 ಎಂಬಿ. ಇದು ಅಂಗಿಯ ಜೇಬಿದ್ದ ಹಾಗೆ. ಪದೇ ಪದೇ ಬೇಕಾಗುವ ಕಾಗದ ಜೇಬಲ್ಲೇ ಇದ್ದರೆ ಮೇಜಿಗೂ ಕೈ ಚಾಚಬೇಕಿಲ್ಲ. ಗೇಮ್‌ಗಳಲ್ಲಿ ಒಂದೇ ಮಾಹಿತಿ ಮತ್ತೆ ಮತ್ತೆ ಬೇಕಾಗುವುದರಿಂದ ಈ ದೊಡ್ಡ ಜೇಬು ಚೆನ್ನಾಗಿ ಕೆಲಸ ಮಾಡುತ್ತದೆ. ಬಸ್ ಕಿರಿದಾದರೂ 4060 ಮುಂದಿರುವುದು ಹೀಗೆ. ವಿದ್ಯುತ್ತಿನಲ್ಲೂ ಅದು ಮಿತವ್ಯಯಿ. ಹಳೆಯದು 170 ವ್ಯಾಟ್ ಕಾರ್ಡ್, ಇದು 115. ಬಿಸಿ ಕಡಿಮೆ, ಫ್ಯಾನ್ ಸದ್ದು ಕಡಿಮೆ. ವಿಡಿಯೋ ಎಕ್ಸ್‌ಪೋರ್ಟ್ ಮಾಡುವಾಗ ಎವಿ1 (ವಿಡಿಯೋ ಕುಗ್ಗಿಸುವ ಒಂದು ಹೊಸ ವಿಧಾನ) ಎನ್‌ಕೋಡಿಂಗ್ ಹಾರ್ಡ್‌ವೇರ್‌ನಲ್ಲೇ ಆಗುತ್ತದೆ. 3060 ಎವಿ1 ವಿಡಿಯೋ ತೋರಿಸಬಲ್ಲದು, ತಯಾರಿಸಲಾರದು.

ಅಂದ ಹಾಗೆ, 3060ಕ್ಕೆ 12 ಜಿಬಿ ಸಿಕ್ಕಿದ್ದು ತಯಾರಿಸಿದ ಎನ್‌ವಿಡಿಯಾ ಕಂಪನಿಯ ಉದಾರತೆಯಿಂದ ಮಾತ್ರ ಅಂತ ತಿಳಿಯಬೇಡಿ. 192 ಬಿಟ್ ಬಸ್ ಅಂದರೆ 32 ಬಿಟ್‌ನ ಆರು ಮೆಮೊರಿ ಚಿಪ್. ಒಂದೊಂದು 1 ಜಿಬಿ ಆದರೆ 6, ಒಂದೊಂದು 2 ಜಿಬಿ ಆದರೆ 12. ನಡುವೆ 8 ಹಾಕಲು ದಾರಿಯೇ ಇರಲಿಲ್ಲ. 6 ಕಡಿಮೆ ಆಗುತ್ತಿತ್ತು, 12 ಹಾಕಿದರು. 4060ರದ್ದು 128 ಬಿಟ್, ನಾಲ್ಕು ಚಿಪ್, 8 ಜಿಬಿ. ಬರೀ ಮಗ್ಗಿ ಲೆಕ್ಕ.

ಫ್ರೇಮ್ ಜನರೇಶನ್ ಬಗ್ಗೆ ನೀವು ಕೇಳಿಲ್ಲ, ಆದರೆ ಮಾರುವವರು ಹೇಳಿಯೇ ಹೇಳುತ್ತಾರೆ. 4060 ಎರಡು ನಿಜವಾದ ಫ್ರೇಮ್ ನಡುವೆ ಒಂದು ಹೊಸ ಫ್ರೇಮ್ ಸೃಷ್ಟಿಸಿ ಸೇರಿಸಬಲ್ಲದು. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಅನ್ನುವ ತಂತ್ರಜ್ಞಾನದ ಆ ಸೌಲಭ್ಯ 3060ಕ್ಕೆ ಇಲ್ಲ. ಕಣ್ಣಿಗೆ ನುಣುಪು ಕಾಣುತ್ತದೆ, ಸುಳ್ಳಲ್ಲ. ಆದರೆ ಮೌಸ್ ಅಲುಗಿಸಿದ್ದಕ್ಕೆ ಗೇಮ್ ಪ್ರತಿಕ್ರಿಯಿಸುವ ವೇಗ ಹೆಚ್ಚುವುದಿಲ್ಲ, ಕೊಂಚ ತಡವೇ ಆಗುತ್ತದೆ. ಮೊದಲೇ 50-60 ಎಫ್‌ಪಿಎಸ್ ಇದ್ದಲ್ಲಿ ಚೆಂದ. 30 ಇದ್ದಲ್ಲಿ ಹಾಕಿದರೆ ಜಾರುವ ನೆಲದ ಮೇಲೆ ನಡೆದ ಹಾಗೆ. ಇದಕ್ಕೆ ಮೆಮೊರಿಯೂ ಹೆಚ್ಚಿಗೆ ಬೇಕು. 8 ಜಿಬಿ ಅಂಚಿನಲ್ಲಿರುವ ಗೇಮ್‌ಗೆ ಅದೇ ಮೇಜು ತುಂಬಿಸುವ ಕೊನೆಯ ಕಾಗದ ಆಗಬಹುದು. ನಿಮ್ಮ 75 ಹರ್ಟ್ಸ್ ಮಾನಿಟರ್‌ಗೆ ಇದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ. ಚಿಕ್ಕ ಚಿತ್ರವನ್ನು ದೊಡ್ಡದು ಮಾಡುವ ಸಾದಾ ಡಿಎಲ್‌ಎಸ್‌ಎಸ್ ಎರಡೂ ಕಾರ್ಡ್‌ನಲ್ಲಿದೆ. ನಿಮಗೆ ನಿಜಕ್ಕೂ ಉಪಯೋಗವಾಗುವುದು ಅದು.

ಈಗ ನಿಮ್ಮ ಉಳಿದ ಎರಡು ಕೆಲಸ. ರಿಸಾಲ್ವ್‌ನಲ್ಲಿ 4ಕೆ ಟೈಮ್‌ಲೈನ್, ಅದರ ಮೇಲೆ ನಾಯ್ಸ್ ರಿಡಕ್ಷನ್, ಒಂದೆರಡು ಎಫೆಕ್ಟ್ ಅಂದರೆ 8 ಜಿಬಿ ಬಲುಬೇಗ ಬಿಗಿಯಾಗುತ್ತದೆ. ನಿಮ್ಮ 1650ರಲ್ಲಿ ಈಗಿರುವುದು 4 ಜಿಬಿ. 8ಕ್ಕೆ ಹೋದರೆ ದೂರು ಕಡಿಮೆಯಾಗುತ್ತದೆ, 12ಕ್ಕೆ ಹೋದರೆ ಬಹುತೇಕ ಮರೆತೇ ಹೋಗುತ್ತದೆ. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಬ್ಬ ಎಡಿಟರ್‌ಗೆ ನಾನೇ ಮುಂದೆ ನಿಂತು 8 ಜಿಬಿಯ ವೇಗದ ಕಾರ್ಡ್ ಹಾಕಿಸಿದ್ದೆ, ಪರೀಕ್ಷೆಯ ಅಂಕ ನೋಡಿ. ಎಕ್ಸ್‌ಪೋರ್ಟ್ ಬೇಗ ಆಗುತ್ತಿತ್ತು, ಅದು ಮುಗಿಯುವ ತನಕ ಬದುಕಿದ್ದರೆ. ಮಧ್ಯದಲ್ಲೇ ಮೆಮೊರಿ ತುಂಬಿ ನಿಂತುಹೋಗುತ್ತಿತ್ತು. ಕೊನೆಗೆ ಅವರು ನಿಧಾನದ, ದೊಡ್ಡ ಮೆಮೊರಿಯ ಕಾರ್ಡ್‌ಗೆ ಬದಲಾಯಿಸಿಕೊಂಡರು. ನಿಂತುಹೋದ ಎಕ್ಸ್‌ಪೋರ್ಟ್‌ಗೆ ಯಾವ ಪಟ್ಟಿಯಲ್ಲೂ ಅಂಕ ಇರುವುದಿಲ್ಲ.

ಎಐ ಮಾಡೆಲ್‌ನಲ್ಲಿ ಇನ್ನೂ ಸೋಜಿಗ. ಭಾಷಾ ಮಾಡೆಲ್ ಒಂದೊಂದು ಪದದ ತುಣುಕು ಬರೆಯುವಾಗಲೂ ಹೆಚ್ಚುಕಡಿಮೆ ತನ್ನ ಇಡೀ ಫೈಲನ್ನು ಮೆಮೊರಿಯಿಂದ ಒಮ್ಮೆ ಓದುತ್ತದೆ. 6 ಜಿಬಿಯ ಮಾಡೆಲ್ ಇಟ್ಟುಕೊಳ್ಳಿ. 360 ಭಾಗ 6 ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 60 ತುಣುಕು. 272 ಭಾಗ 6 ಅಂದರೆ 45. ಇದು ಗರಿಷ್ಠ ಮಿತಿ, ನಿಜದಲ್ಲಿ ಇದಕ್ಕಿಂತ ಕಡಿಮೆಯೇ ಬರುತ್ತದೆ. ಆದರೆ ನೋಡಿ, ಹಳೇ ಕಾರ್ಡೇ ಮುಂದೆ! ಗೇಮ್‌ನಲ್ಲಿ 4060 ಮಾನ ಉಳಿಸಿದ ಆ 24 ಎಂಬಿ ಜೇಬು ಇಲ್ಲಿ ಲೆಕ್ಕಕ್ಕಿಲ್ಲ. ಹಲವು ಜಿಬಿಯ ಮಾಡೆಲ್ ಜೇಬಲ್ಲಿ ಹಿಡಿಸುವುದೆಲ್ಲಿ? ನೀವು ಕೊಟ್ಟ ಉದ್ದದ ಪ್ರಶ್ನೆಯನ್ನು ಓದಿಕೊಳ್ಳುವ ಹಂತದಲ್ಲಿ 4060 ಚುರುಕು, ಏಕೆಂದರೆ ಅದು ಲೆಕ್ಕದ ಕೆಲಸ. ಇನ್ನು 1400 ಕೋಟಿ ಪ್ಯಾರಾಮೀಟರ್‌ನ (ಮಾಡೆಲ್ ಒಳಗಿನ ಸಂಖ್ಯೆಗಳ) ಮಾಡೆಲ್ ಅನ್ನು, ಒಂದೊಂದು ಸಂಖ್ಯೆಯನ್ನು 4 ಬಿಟ್‌ಗೆ ಕುಗ್ಗಿಸಿದರೂ 8-9 ಜಿಬಿ ಆಗುತ್ತದೆ. ಅದು 3060ರೊಳಗೆ ಕೂರುತ್ತದೆ. 4060ರೊಳಗೆ ಕೂರುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರ. ನೀವು ಬರೀ ಗೇಮ್ ಆಡುವವರಾಗಿದ್ದರೆ 4060 ಅನ್ನುತ್ತಿದ್ದೆ. ನಿಮ್ಮ ಬೋರ್ಡ್, ನಿಮ್ಮ ಮಾನಿಟರ್, ರಿಸಾಲ್ವ್‌ನ ದೂರು, ಎಐ ಆಸೆ ಎಲ್ಲ ಸೇರಿಸಿ ನೋಡಿದರೆ 3060 12 ಜಿಬಿ ನಿಮಗೆ ಒಪ್ಪುವ ಕಾರ್ಡ್. ಇಲ್ಲಿನ ಅಪಾಯ ವೇಗದ್ದಲ್ಲ, ಹಳೆಯದು ಅನ್ನುವುದು. ಅದಕ್ಕೆ ವಾರಂಟಿ ಉಳಿದಿದೆಯೇ ಅಂತ ಕೇಳಿ. ಇಲ್ಲದಿದ್ದರೆ ಕೆಟ್ಟರೆ ನಿಮ್ಮದೇ ಹೊಣೆ. ಆ ಚಿಂತೆ ನಿಮಗೆ ನಿದ್ದೆ ಕೆಡಿಸುವಂಥದ್ದಾದರೆ ಹೊಸ 4060 ತಗೊಂಡು ರಿಸಾಲ್ವ್‌ನಲ್ಲಿ ಪ್ರಾಕ್ಸಿ ಫೈಲ್ (ಎಡಿಟ್ ಮಾಡಲು ಮಾತ್ರ ಬಳಸುವ ಹಗುರ ನಕಲು) ಮಾಡಿಕೊಂಡು, ಟೈಮ್‌ಲೈನನ್ನು 1080ಪಿಯಲ್ಲಿಟ್ಟು ಎಡಿಟ್ ಮಾಡಿ. ಕೆಲಸ ನಡೆಯುತ್ತದೆ. ಆದರೆ ಕೊನೆಗೆ 4ಕೆಯಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಭಾರವಾದ ಎಫೆಕ್ಟ್ ಇದ್ದರೆ ಅದೇ ದೂರು ಮತ್ತೆ ಬರಬಹುದು. ಪ್ರಾಕ್ಸಿ ಉಪಾಯವನ್ನು ಈಗಿನ 1650ರಲ್ಲೇ ಒಮ್ಮೆ ಮಾಡಿ ನೋಡಿ. ಅದರಲ್ಲೇ ಸಮಾಧಾನವಾದರೆ ಖರೀದಿಯನ್ನು ಸ್ವಲ್ಪ ದಿನ ಮುಂದೂಡಬಹುದು.

3060 ನೋಡಲು ಹೋದಾಗ ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಮೂರು ಸಂಖ್ಯೆ ನೋಡಿ. 3584 ಕೋರ್, 192 ಬಿಟ್, 12 ಜಿಬಿ. 128 ಬಿಟ್ ಮತ್ತು 8 ಜಿಬಿ ಕಂಡರೆ ಅದು ಅದೇ ಹೆಸರಲ್ಲಿ ಆಮೇಲೆ ಬಂದ ಇನ್ನೊಂದು 3060. ಅದರ ಬ್ಯಾಂಡ್‌ವಿಡ್ತ್ 240 ಜಿಬಿ ಮಾತ್ರ. ನಾನು ಇಷ್ಟು ಹೊತ್ತು ಹೇಳಿದ್ದು ಅದಕ್ಕೆ ಹೊಂದುವುದಿಲ್ಲ, ಅದನ್ನು ತಗೊಳ್ಳಬೇಡಿ. ಒಂದೇ ಹೆಸರಲ್ಲಿ ಎರಡು ಸರಕು ಮಾರುವುದು ಈ ಉದ್ಯಮದ ಹಳೇ ಚಾಳಿ. ಜಿಟಿ 1030 ಅನ್ನುವ ಕಾರ್ಡ್ ವೇಗದ ಜಿಡಿಡಿಆರ್5 ಮೆಮೊರಿಯಲ್ಲಿ ಬಂದು, ಆಮೇಲೆ ಅದೇ ಹೆಸರಲ್ಲಿ ನಿಧಾನದ ಡಿಡಿಆರ್4 ಹಾಕಿಕೊಂಡು ಬಂತು. ಬ್ಯಾಂಡ್‌ವಿಡ್ತ್ 48 ಜಿಬಿಯಿಂದ 17 ಜಿಬಿಯ ಹತ್ತಿರಕ್ಕೆ ಬಿದ್ದಿತ್ತು.

'ಕ್ರಿಪ್ಟೊ ಮೈನಿಂಗ್‌ಗೆ ಬಳಸಿದ ಕಾರ್ಡ್ ನಿಧಾನವಾಗಿಬಿಡುತ್ತದೆ' ಅನ್ನುವ ಮಾತು ಕೇಳಿರಬಹುದು. ಚಿಪ್ ಸವೆದು ನಿಧಾನವಾಗುವುದಿಲ್ಲ. ಸವೆಯುವುದು ಫ್ಯಾನ್, ಒಣಗುವುದು ಚಿಪ್‌ನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್. ಬಿಸಿ ಏರಿದಾಗ ಕಾರ್ಡ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಆದ್ದರಿಂದ ಅರ್ಧ ಗಂಟೆ ಭಾರವಾದ ಗೇಮ್ ಓಡಿಸಿ ಕಾಯಿರಿ. ಐದು ನಿಮಿಷದ ಪರೀಕ್ಷೆ ಸಾಲದು, ಕೆಟ್ಟ ಕಾರ್ಡ್‌ಗಳೂ ಐದು ನಿಮಿಷ ಚೆನ್ನಾಗಿಯೇ ಇರುತ್ತವೆ. ಪರದೆಯ ಮೇಲೆ ಬಣ್ಣದ ಚುಕ್ಕೆ, ಚೌಕಗಳು ಕಂಡರೆ ಕೈಮುಗಿದು ಬನ್ನಿ. ಚಿಪ್‌ನ ಉಷ್ಣತೆಗೂ 'ಹಾಟ್‌ಸ್ಪಾಟ್' (ಚಿಪ್‌ನ ಅತಿ ಬಿಸಿ ಜಾಗ) ಉಷ್ಣತೆಗೂ 25 ಡಿಗ್ರಿಗಿಂತ ಜಾಸ್ತಿ ಅಂತರ ಇದ್ದರೆ ಪೇಸ್ಟ್ ಬದಲಿಸಬೇಕು. ಅದು ದೊಡ್ಡ ಕೆಲಸವಲ್ಲ, ಆದರೆ ಚೌಕಾಸಿಗೆ ಒಳ್ಳೆಯ ಕಾರಣ.

ಕೊನೆಗೆ ಪವರ್ ಸಪ್ಲೈ. ಎರಡೂ ಕಾರ್ಡ್‌ಗೆ ಎನ್‌ವಿಡಿಯಾ 550 ವ್ಯಾಟ್ ಅನ್ನುತ್ತದೆ. ಅಗ್ಗದ ಸಪ್ಲೈಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಸಂಖ್ಯೆ ಅದು. ನಿಮ್ಮ ಪ್ರೊಸೆಸರ್ ಹೆಚ್ಚೆಂದರೆ 88 ವ್ಯಾಟ್, 3060 ಕಾರ್ಡ್‌ಗೆ 170, ಮಿಕ್ಕಿದ್ದಕ್ಕೆ 50 ಅಂದರೂ 310 ದಾಟುವುದಿಲ್ಲ. ಒಳ್ಳೆಯ ಗುಣಮಟ್ಟದ, ತೀರಾ ಹಳೆಯದಲ್ಲದ 450 ವ್ಯಾಟ್ ಸಪ್ಲೈ ಇದನ್ನು ಹೊರುತ್ತದೆ. ಹೆಸರು ಕೇಳದ ಕಂಪನಿಯದ್ದಾದರೆ ನಾನು ಆ ಧೈರ್ಯ ಮಾಡುವುದಿಲ್ಲ, ಅದನ್ನೂ ಬದಲಿಸಿ ಅನ್ನುತ್ತೇನೆ. ನಿಮ್ಮ 1650 ಬಹುಶಃ ಬೇರೆ ಕೇಬಲ್ ಇಲ್ಲದೆ ಸ್ಲಾಟ್‌ನಿಂದಲೇ ವಿದ್ಯುತ್ ಪಡೆಯುತ್ತಿದೆ. ಅದಕ್ಕೆ 75 ವ್ಯಾಟ್ ಸಾಕು. ಈ ಎರಡಕ್ಕೂ 8 ಪಿನ್‌ನ ಕೇಬಲ್ ಬೇಕು. ಇವತ್ತೇ ಕ್ಯಾಬಿನೆಟ್ ಬಾಗಿಲು ತೆಗೆದು ಸಪ್ಲೈಯಿಂದ ಆ ಕೇಬಲ್ ಬಂದಿದೆಯೇ ನೋಡಿ. '6+2' ಅಂತ ಎರಡು ತುಂಡಾಗಿ ಇದ್ದರೂ ಆಯಿತು. ಇಲ್ಲದಿದ್ದರೆ ಹಾರ್ಡ್ ಡಿಸ್ಕ್ ಕೇಬಲ್‌ಗಳನ್ನು ಸೇರಿಸಿ 8 ಪಿನ್ ಮಾಡುವ ಅಡಾಪ್ಟರ್ ಹಾಕಲು ಹೋಗಬೇಡಿ, ಅವು ಕರಗಿದ್ದನ್ನು ನೋಡಿದ್ದೇನೆ. ಬಾಗಿಲು ತೆಗೆದಿರುವಾಗಲೇ ಸ್ಲಾಟ್‌ನಿಂದ ಮುಂದಿನ ಫ್ಯಾನ್‌ವರೆಗೆ ಟೇಪ್ ಹಿಡಿದು ಅಳೆದುಕೊಳ್ಳಿ. ಮೂರು ಫ್ಯಾನ್‌ನ 3060 ಕಾರ್ಡ್‌ಗಳು ನಿಮ್ಮ 1650ಕ್ಕಿಂತ ತುಂಬಾ ಉದ್ದ. ಕಾರ್ಡ್ ಹಾಕುವಾಗ ಪ್ರೊಸೆಸರ್‌ಗೆ ಹತ್ತಿರವಿರುವ ಮೇಲಿನ ಸ್ಲಾಟ್‌ಗೇ ಹಾಕಿ. ಬಿ450 ಬೋರ್ಡ್‌ಗಳಲ್ಲಿ ಕೆಳಗಿನ ಉದ್ದದ ಸ್ಲಾಟ್ ಸಾಮಾನ್ಯವಾಗಿ 4 ಲೇನ್‌ನದ್ದು, ನೋಡಲು ಮಾತ್ರ ದೊಡ್ಡದು.